ತಾರಾ ಅಂತ ಕರೆಯೋರಿಲ್ಲದ ಮನೆ

ನನ್ನ ಹೆಸರು ತಾರಾ. ಗುರುಪುರದ ಹತ್ತಿರದ ಹಳ್ಳೀಲಿ ಅಂಗನವಾಡಿ ಟೀಚರು. ಈ ಎರಡಕ್ಷರದ ಹೆಸರಿಂದ ಆಗಿರೋ ಫಜೀತಿ ಒಂದೆರಡಲ್ಲ. ಒಂದು ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು. ಸಾಕಾಗಿ ಹೋಗಿದೆ ಕಣ್ರೀ.

೧. ವಾಲಿ ಹೆಂಡ್ತಿ

ಹೆಣ್ಣು ನೋಡೋಕೆ ಬಂದ ದಿನ ಗಂಡಿನ ಕಡೆ ಹಿರಿಯರೊಬ್ಬರು ಹೆಸರು ಕೇಳಿದರು. ಹೇಳಿದೆ. ಮುಖ ಸಿಂಡರಿಸಿದರು.

"ತಾರಾ ಅಂದ್ರೆ ವಾಲಿ ಹೆಂಡ್ತಿ ಅಲ್ವೇನವ್ವ? ಗಂಡ ಸತ್ಮೇಲೆ ಮೈದುನ ಸುಗ್ರೀವನ್ನ ಸೇರ್ಕಂಡೋಳು!"

"ಸಂಸ್ಕೃತದಲ್ಲಿ ನಕ್ಷತ್ರ ಅಂತ ಅರ್ಥ ಕಣ್ರೀ" ಅಂತ ನಮ್ಮಪ್ಪ ಬೆವರೊರೆಸಿಕೊಂಡರು.

ಹೆಂಗೋ ಮದುವೆ ಆಯ್ತು. ಆದರೆ ನಮ್ಮತ್ತೆ ಸಾಯೋ ತನಕ ನನ್ನನ್ನ ಹೆಸರು ಹಿಡಿದು ಕರೆಯಲಿಲ್ಲ. "ಏ ಇವ್ಳೇ" ಅಷ್ಟೇ. ಗಂಡನಿಗೆ ನಾನು "ಲೇ". ಊರಿಗೆಲ್ಲ "ಟೀಚರಮ್ಮ". ಅಷ್ಟಕ್ಕೂ ನಮ್ಮೆಜಮಾನರಿಗೆ ತಮ್ಮನೇ ಇಲ್ಲ. ಇವರಿಗೆಲ್ಲ ಅದೇನು ಭಯವೋ!

೨. ಕ್ಯಾಂಪಿನ ಅಜ್ಜಿ

ಒಂದ್ಸಲ ಪೋಲಿಯೋ ಹನಿ ಹಾಕೋಕೆ ಟಿಬೆಟನ್ ಕ್ಯಾಂಪಿಗೆ ಹೋಗಿದ್ದೆ. ಅಲ್ಲೊಬ್ಬ ಅಜ್ಜಿ ಹೆಸರು ಕೇಳಿದರು. ತಾರಾ ಅಂದದ್ದೇ ತಡ, ಎದ್ದು ಕೈಮುಗಿದು ನನ್ನೆರಡೂ ಕೈ ಹಿಡಿದುಕೊಂಡರು.

"ತಾರಾ ನಮ್ಮ ದೇವಿ! ನಮ್ಮ ಭಾಷೇಲಿ ಡೋಲ್ಮಾ!"

ಜೀವಮಾನದಲ್ಲಿ ನನ್ನ ಹೆಸರಿಗೆ ಕೈಮುಗಿದವರು ಅವರೊಬ್ಬರೇ. ಕಣ್ಣು ತುಂಬಿ ಬಂತು. ಬೆಣ್ಣೆ, ಉಪ್ಪು ಹಾಕಿದ ಟೀ ಕೊಟ್ಟರು. ದೇವಿ ಅನ್ನಿಸಿಕೊಂಡ ಮೇಲೆ ಬೇಡ ಅನ್ನೋಕಾಗುತ್ತಾ? ಕಣ್ಣು ಮುಚ್ಚಿಕೊಂಡು ಮೂರು ಲೋಟ ಕುಡಿದೆ. ಬೀದಿಗಿಳಿದಾಗ ಹಿಂದಿನಿಂದ "ಡೋಲ್ಮಾ!" ಅಂತ ಅಜ್ಜಿ ಪ್ರೀತಿಯಿಂದ ಕೂಗಿದರು. ಹಿಗ್ಗಿ ತಿರುಗಿದೆ. ನನ್ನ ಜೊತೆ ಇನ್ನೂ ಐದು ಜನ ಹೆಂಗಸರು ತಿರುಗಿದರು. ಅಜ್ಜಿ ಕರೆದದ್ದು ಸೊಸೇನ.

೩. ಅತ್ತೆ ಹೆಸರು

ಮಗ ತನ್ನ ಮಗಳಿಗೆ ನನ್ನ ಹೆಸರನ್ನೇ ಇಟ್ಟ. ನಾಮಕರಣದ ದಿನ ಸೋದರತ್ತೆ, ಅಂದರೆ ನನ್ನ ಮಗಳು, ಕೂಸಿನ ಕಿವಿಯಲ್ಲಿ ಮೂರು ಸಲ "ತಾರಾ" ಅಂತ ಪಿಸುಗುಟ್ಟಿದಳು. ಇನ್ನಾದರೂ ಈ ಮನೇಲಿ ನನ್ನ ಹೆಸರನ್ನ ಯಾರಾದರೂ ಬಾಯ್ತುಂಬ ಕರೆಯೋದು ಕೇಳಬಹುದು ಅಂತ ನನಗೆ ಬಲು ಆಸೆ.

ಎಲ್ಲಿ ಬಂತು! ಸೊಸೆ ಬಾಯಲ್ಲಿ ಬರೀ ಪುಟ್ಟಿ, ಚಿನ್ನಿ, ಬಂಗಾರಿ.

"ಹೆಸ್ರಿಡಿದು ಕರಿ ಕಣವ್ವ" ಅಂದೆ.

"ಅತ್ತೆ ಹೆಸ್ರ ಬಾಯ್ಬುಟ್ಟು ಕರ್ಯಾಕಾಯ್ತದಾ? ಮಗೀಗೆ ಬೈದ್ರೆ ನಿಮ್ಗೇ ಬೈದಂಗಾಯ್ತದೆ."

"ನಾನೇ ಹೇಳ್ತಿದ್ದೀನಲ್ಲ!"

"ನಮ್ಮವ್ವ ನಂಗೆ ಅಂಗೆ ಕಲ್ಸಿಲ್ಲ, ಬುಡಿ."

ಮಗನೂ ಅದೇ ರಾಗ: "ಅವ್ವನ ಹೆಸ್ರ ಕೂಗಕಾಯ್ತದಾ?" ನಾನೇ ಕೂಗೋಣ ಅಂದರೆ, ನನ್ನ ಹೆಸರು ನಾನೇ ಕರೆದುಕೊಳ್ಳೋಕೆ ನಾಚಿಕೆ. ಎರಡು ವರ್ಷ ಬೇಡಿ ಬೇಡಿ ಬಾಯಿ ನೋವು ಬಂತು. ಕೈಬಿಟ್ಟೆ.

ಮೊನ್ನೆ ಮಗು ರಾಗಿ ಹಿಟ್ಟಿನ ಡಬ್ಬ ಬೋರಲು ಹಾಕಿ, ಆಗಷ್ಟೇ ಒರೆಸಿದ ನೆಲಕ್ಕೆಲ್ಲ ಬಳಿದು ಕೂತಿತ್ತು. ಸೊಸೆ ಕೋಲು ಹುಡುಕುತ್ತಿದ್ದಳು. "ಮಗು ಕಣವ್ವ, ಓಗ್ಲಿ ಬುಡು" ಅಂತ ನಾನು ಬಿಡದೆ ಹೇಳುತ್ತಲೇ ಇದ್ದೆ. ಅವಳಿಗೆ ತಲೆ ಕೆಟ್ಟುಹೋಯ್ತು. ಮಗು ಕಡೆ ಕೈ ತೋರಿಸಿ ಕಿರುಚಿದಳು:

"ತಾರಾ! ಬಾಯ್ಮುಚ್ಕಂಡು ಮೂಲೇಲಿ ಕೂತ್ಕೋ!"

ಕಿರುಚಿದವಳೇ ನಾಲಿಗೆ ಕಚ್ಚಿಕೊಂಡಳು. ಮಗು ಅಲ್ಲಾಡಲಿಲ್ಲ, ಅದು ತನ್ನ ಹೆಸರು ಅಂತ ಪಾಪ ಅದಕ್ಕೆ ಗೊತ್ತೇ ಇಲ್ಲ.

ಮದುವೆಯಾಗಿ ಮೂವತ್ತು ವರ್ಷಕ್ಕೆ ಮೊದಲ ಸಲ ಈ ಮನೇಲಿ ನನ್ನ ಹೆಸರು ಕೇಳಿದ ಖುಷಿಗೆ, ನಾನೇ ಹೋಗಿ ಮೂಲೇಲಿ ಕೂತೆ.