ರಜೆಯಲ್ಲಿ ಮೂರು ಸುತ್ತು ತಿರುಗಿದ ಮೋಟಾರು

ಮೋಟಾರನ್ನು ಮಾರಿ ಅದರ ಬ್ರಶ್ಶನ್ನು ಮಾರದೆ ಕುಳಿತವರನ್ನು ನಾನು ನೇರವಾಗಿ ಆಪಾದಿಸುತ್ತೇನೆ. ಅಂಗಡಿಯವನು ಒಂದೇ ಕಾಲಿನ ಚಪ್ಪಲಿ ಕೊಟ್ಟರೆ ಯಾರಾದರೂ ಸುಮ್ಮನಿರುತ್ತಾರೆಯೆ? ಆದರೆ ವಿದ್ಯುತ್ತಿನ ವಿಷಯ ಬಂದೊಡನೆ ನಮ್ಮವರು ಅದೇಕೋ ಬಹಳ ವಿನಯವಂತರಾಗಿಬಿಡುತ್ತಾರೆ. ನಾನು ಆ ಗುಂಪಿನವನಲ್ಲ. ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಓದಿದವನು, ಪತ್ರಿಕೆಗಳ ಸಂಪಾದಕರಿಗೆ ಪತ್ರ ಬರೆಯುವವನು.

ಮೂಡಬಿದಿರೆಯ ನಮ್ಮ ಮನೆಯಲ್ಲಿ ಅಕ್ಕ ಶಾಲೆಯ ಹೆಣ್ಣುಮಕ್ಕಳಿಗೆ ಲಂಗ ಹೊಲಿಯುತ್ತಾಳೆ. ಹೊಲಿಗೆ ಯಂತ್ರವನ್ನು ತುಳಿದು ತುಳಿದು ಅವಳ ಬಲಮೊಣಕಾಲು ಊದುತ್ತಿತ್ತು. ಅದಕ್ಕೆಂದೇ, ಊರಿಗೆ ಕರೆಂಟು ಬಂದ ಹೊಸತರಲ್ಲಿ, ಬಂಟ್ವಾಳದಿಂದ ಒಂದು ಸಣ್ಣ ಮೋಟಾರು ತಂದು ಯಂತ್ರಕ್ಕೆ ಜೋಡಿಸಿದ್ದೆ. ಈ ಬೇಸಗೆ ರಜೆಯ ಮೊದಲ ದಿನವೇ ಅದು ಕಿಡಿ ಕಾರಿ ನಿಂತಿತು. ತಿರುಗುವ ಭಾಗಕ್ಕೆ ಉಜ್ಜುತ್ತ ಕರೆಂಟು ಮುಟ್ಟಿಸುವ, ಉಗುರಿನಷ್ಟು ದೊಡ್ಡ ಇದ್ದಲಿನ ತುಂಡು, ಅಂದರೆ ಬ್ರಶ್ಶು, ಸವೆದುಹೋಗಿತ್ತು. ಬಂಟ್ವಾಳಕ್ಕೆ ಹೋಗಿ ಕೇಳಿದೆ.

"ಮೋಟಾರು ಬೇಕಾದರೆ ಇನ್ನೊಂದು ಉಂಟು ಮಾರಾಯ್ರೇ, ಬ್ರಶ್ ಇಲ್ಲ," ಎಂದರು ಅಂಗಡಿಯವರು. "ಮಂಗಳೂರಿಗೆ ಹೋಗಿ, ಸಿಕ್ತದೆ."

ಮಂಗಳೂರಿಗೆ ಹೋಗುವುದೆಂದರೆ ಅವರನ್ನು ಕ್ಷಮಿಸಿದಂತೆ. ನಾನು ಹೋಗಲಿಲ್ಲ. ಮೋಟಾರಿನ ಕಂಪೆನಿಗೆ ಅಕ್ಕನ ಕೈಯಿಂದಲೇ ಒಂದು ಅರ್ಜಿ ಬರೆಸಿದೆ; ಅರ್ಜಿಯ ಕ್ರಮವನ್ನು ಸಾಲುಸಾಲಾಗಿ ಕಲಿಸಿದೆ. ಉತ್ತರ ಬರಲಿಲ್ಲ. ಆಗ ನನಗೆ ಕಾಲೇಜಿನ ಗ್ರಂಥಾಲಯದ ವಿದೇಶಿ ಪತ್ರಿಕೆಯೊಂದು ನೆನಪಾಯಿತು. ಬ್ರಶ್ಶೇ ಇಲ್ಲದ ಮೋಟಾರಂತೆ! ತಂತಿಯ ಸುರುಳಿಗಳು ಕದಲದೆ ನಿಲ್ಲುತ್ತವೆ, ನಡುವೆ ಅಯಸ್ಕಾಂತ ತಿರುಗುತ್ತದೆ, ಯಾವ ಸುರುಳಿಗೆ ಯಾವಾಗ ಕರೆಂಟು ಎಂಬುದನ್ನು ಟ್ರಾನ್ಸಿಸ್ಟರು ನೋಡಿಕೊಳ್ಳುತ್ತದೆ. ಕಟ್ಟುವ ಮೊದಲು ಅದನ್ನು ಕಾಗದದ ಮೇಲೆ ಓಡಿಸಿ ನೋಡಲು ನಿರ್ಧರಿಸಿದೆ.

ಕಾಗದದ ಮೇಲೆ ಮೋಟಾರು ಓಡಿಸುವುದು ತಾಳ್ಮೆಯ ಕೆಲಸ. ಕರೆಂಟಿನಿಂದ ಬಲ, ಬಲದಿಂದ ವೇಗ, ವೇಗದಿಂದ ಮೋಟಾರು ಆ ಕರೆಂಟಿಗೇ ಒಡ್ಡುವ ಪ್ರತಿರೋಧ. ಇಷ್ಟನ್ನು ಲಾಗರಿದಮ್ ಪುಸ್ತಕ ತಿರುವಿ ಕಂಡುಹಿಡಿದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ ಕಳೆಯಿತು. ಮತ್ತೆ ಮೊದಲಿನಿಂದ. ನಾನು ಜಗಲಿಯಲ್ಲಿ ಗುಣಿಸುತ್ತಿದ್ದೆ, ಪಕ್ಕದಲ್ಲೇ ಅಕ್ಕ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ತುಳಿಯುತ್ತಿದ್ದಳು.

"ಎಷ್ಟು ತಿರುಗಿತು ತಮ್ಮಾ?"

"ಮೂರು ಸುತ್ತು."

"ಇವತ್ತು ಒಂದೇ ದಿನಕ್ಕಾ?"

"ಅಲ್ಲ. ಲೆಕ್ಕ ಸುರು ಮಾಡಿದಂದಿನಿಂದ."

ಅವಳು ನಕ್ಕಳು, ಕಾಲು ಮಾತ್ರ ನಿಲ್ಲಲಿಲ್ಲ. "ಅದರ ಸೂಜಿಗೆ ಬಟ್ಟೆ ಕೊಟ್ಟಿದ್ದೀಯಾ?"

ಕೊಟ್ಟಿರಲಿಲ್ಲ. ಮೋಟಾರು ಎಳೆಯಬೇಕಾದ ಹೊರೆ ಎಂಬಲ್ಲಿ ಸೊನ್ನೆ ಬರೆದು, ಎರಡು ನೋಟುಪುಸ್ತಕಗಳ ತುಂಬ ಬರಿಯ ಗಾಳಿಯನ್ನು ಹೊಲಿದಿದ್ದೆ.

"ಬಟ್ಟೆ ಇಲ್ಲದಿದ್ದರೆ ನನ್ನ ಕಾಲೂ ಚೆಂದ ತಿರುಗಿಸ್ತದೆ ಮಾರಾಯ," ಎಂದಳು.

ಮರುದಿನ ಹೊರೆಯನ್ನು ಸೇರಿಸಿ ಲೆಕ್ಕವನ್ನು ಮತ್ತೆ ಆರಂಭಿಸೋಣವೆಂದು ಮೂರನೆಯ ನೋಟುಪುಸ್ತಕ ತೆರೆದರೆ ಮೊದಲ ಪುಟ ಆಗಲೇ ತುಂಬಿತ್ತು. ಅಕ್ಕನ ದುಂಡು ಅಕ್ಷರ, ನಾನು ಕಲಿಸಿದ ಕ್ರಮ:

"ಮಾನ್ಯರೇ, ಶಾಲೆ ಸೋಮವಾರ ತೆರೆಯುತ್ತದೆ. ಹನ್ನೊಂದು ಲಂಗ ಬಾಕಿ ಉಂಟು. ಬಲಗಾಲು ಮಡಚಲು ಆಗುವುದಿಲ್ಲ. ತಾವು ಯಾರ ಮೇಲೆ ಸಿಟ್ಟಾಗಿದ್ದೀರೋ ಅವರಿಗೆ ಅದು ಗೊತ್ತೇ ಇಲ್ಲ. ಗೊತ್ತಿರುವುದು ನನ್ನ ಮೊಣಕಾಲಿಗೆ. ಆದಕಾರಣ ತಾವು ಮಂಗಳೂರಿಗೆ ಹೋಗುತ್ತೀರೋ ಇಲ್ಲವೋ ತಿಳಿಸಿ, ಕೂಡಲೇ ಕ್ರಮ ಕೈಗೊಳ್ಳಬೇಕಾಗಿ ವಿನಂತಿ."

ಅರ್ಜಿಯಲ್ಲಿ ಲೋಪ ಹುಡುಕಿದೆ. ಸಿಗಲಿಲ್ಲ. ಅವಳಿಗೆ ಕಲಿಸಿದವನು ನಾನೇ ಅಲ್ಲವೆ?

ಮೋಟಾರು ಮಾರುವವರು ಅದರ ಬ್ರಶ್ಶನ್ನೂ ಇಟ್ಟಿರಬೇಕೆಂಬ ನನ್ನ ಬೇಡಿಕೆಯಲ್ಲಿ ಬದಲಾವಣೆ ಇಲ್ಲ. ಸಂಬಂಧಪಟ್ಟವರು ಲಿಖಿತವಾಗಿ ಉತ್ತರಿಸಿ, ತಕ್ಕ ಕ್ರಮ ಕೈಗೊಳ್ಳಬೇಕೆಂದು ಈ ಮೂಲಕ ಕೋರುತ್ತೇನೆ. ಅವರು ಬೇಕಾದರೆ ನಿಧಾನವಾಗಿ ಉತ್ತರಿಸಲಿ. ನನಗೆ ಬಂದ ಅರ್ಜಿಗೆ ಅಷ್ಟು ಸಮಯವಿಲ್ಲ; ಸವೆದ ಬ್ರಶ್ಶನ್ನು ಜೇಬಿನಲ್ಲಿಟ್ಟುಕೊಂಡು, ಮಂಗಳೂರಿನ ಮೊದಲ ಬಸ್ಸಿಗೆ ಕಾಯುತ್ತಲೇ ಇದನ್ನು ಬರೆಯುತ್ತಿದ್ದೇನೆ.