ಎರಡನೇ ಬಸ್ಸಿನ ಅರ್ಜಿ

ದೂರದಿಂದ ನೋಡಿಯೇ ತೀರ್ಮಾನ ಮಾಡುವ ಚಾಳಿ ನನಗೆ ಚಿಕ್ಕಂದಿನಿಂದಲೂ ಇದೆ. ಹೆಣ್ಣು ನೋಡಲು ಹೋದಾಗಲೂ ಜಗಲಿಯಲ್ಲಿ ಕೂತು, ಒಳಗೆ ಸುಳಿದ ಸೆರಗನ್ನು ನೋಡಿಯೇ ಒಪ್ಪಿಬಿಟ್ಟೆ. ನನ್ನ ಪುಣ್ಯ, ಅದೊಂದು ಸರಿಹೋಯಿತು. ಕಿರುಗಾವಲಿನಿಂದ ಮಳವಳ್ಳಿಗೆ ಓಡಾಡುವ ನನ್ನ ಒಂದೇ ಒಂದು ಬಸ್ಸಿನ ವಿಷಯದಲ್ಲಿ ಮಾತ್ರ ಈ ಚಾಳಿ ನನ್ನನ್ನು ಮುಳುಗಿಸುವುದರಲ್ಲಿತ್ತು. ಯಜಮಾನನಾದರೂ ನಾನು ಆ ಬಸ್ಸನ್ನು ಹತ್ತಿದವನಲ್ಲ, ಹೊಟ್ಟೆ ತೊಳಸುತ್ತದೆ. ಬಸ್ಸು ನಿಲ್ಲುವ ಜಾಗದ ಎದುರಿನ ನಮ್ಮ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ, ಬಸ್ಸಿಗೆ ಮುತ್ತುವ ಜನರನ್ನು ನೋಡಿ ಹಿಗ್ಗುವುದಷ್ಟೇ ನನ್ನ ಕೆಲಸ.

ಹೀಗಿರುವಾಗ ಸರ್ಕಾರದವರು ಒಂದು ಮಾತು ಹೇಳಿ ಕಳಿಸಿದರು. ಇನ್ನೊಂದು ಬಸ್ಸು ಬಿಡುತ್ತೇನೆಂದು ನಾನು ಬರೆದುಕೊಟ್ಟರೆ ಅವರು ರಸ್ತೆಗೆ ಜಲ್ಲಿ ಹಾಕಿಸುತ್ತಾರಂತೆ. ಆಮೇಲೆ ಜನ ಹತ್ತಲಿ ಬಿಡಲಿ, ಎರಡೂ ಓಡಲೇಬೇಕು. ಬಸ್ಸು ಕೊಳ್ಳಬೇಕಾದರೆ ಹೆಂಡತಿಗೆ ತವರಿನವರು ಕೊಟ್ಟ ಗದ್ದೆಯನ್ನು ಮಾರಬೇಕು. "ನಾಕ್ ದಿನ ತಡೀರಿ, ಗದ್ದೆ ಎಲ್ಲೂ ಓಡೋಗಾಕಿಲ್ಲ" ಎಂದಳು ಅವಳು. ನನಗೆಲ್ಲಿಯ ತಾಳ್ಮೆ? ಅರ್ಜಿ ಬರೆದು ಜೇಬಿಗಿಟ್ಟೆ.

ಡ್ರೈವರೂ ಮೆಕ್ಯಾನಿಕ್ಕೂ ಎಲ್ಲವೂ ಆಗಿದ್ದ ಮೌಲಾ ಸಾಬರು ವಿಷಯ ಕೇಳಿ ಗಡ್ಡ ಕೆರೆದುಕೊಂಡರು. "ಅರ್ಜಿ ಕೊಡಾಕೆ ಓಯ್ತೀರಲ್ಲ ಯಜಮಾನ್ರೇ, ನಮ್ ಬಸ್ಸಲ್ಲೇ ಬನ್ನಿ. ಒಂದ್ಸಲ ಒಳಗ್ ಕೂತು ನೋಡಿ" ಎಂದರು.

ಮಾರನೆಯ ಬೆಳಿಗ್ಗೆ ನಿಂಬೆಹಣ್ಣು ಮೂಸುತ್ತಾ ಹತ್ತಿ ಕೂತೆ. ಹೊರಗೆ ಎಂದಿನಂತೆ ಐವತ್ತು ಜನ. ಒಳಗೆ ನನ್ನನ್ನು ಬಿಟ್ಟರೆ ಆರು.

"ಮಿಕ್ಕವರು ಯಾವಾಗ ಹತ್ತುತ್ತಾರೆ?" ಎಂದೆ.

"ಅವ್ರು ಹತ್ತಾಕಿಲ್ಲ ಯಜಮಾನ್ರೇ, ಕಳ್ಸಾಕ್ ಬಂದವ್ರೆ" ಎಂದರು ಸಾಬರು.

ತವರಿಗೆ ಹೊರಟ ಒಬ್ಬ ಹೆಂಗಸಿನ ಹಿಂದೆ ಅತ್ತೆ, ನಾದಿನಿ, ಓರಗಿತ್ತಿಯರು, ಹಿತ್ತಲಾಚೆಯ ಮನೆಯವರು. ಒಬ್ಬಳು ಹೂ ಮುಡಿಸಿದಳು, ಒಬ್ಬಳು ಬುತ್ತಿ ಕೊಟ್ಟಳು, ಇನ್ನೊಬ್ಬಳು ಅಳುವುದಕ್ಕೆ ಶುರುಮಾಡಿದಳು. ಸಂಜೆಗೆ ವಾಪಸು ಬರುವವರಿಗೂ ಇದೇ ಉಪಚಾರ. ಇಷ್ಟು ದಿನ ಪ್ರಯಾಣಿಕರೆಂದು ನಾನು ಹಿಗ್ಗಿದ್ದು ಇವರನ್ನು ನೋಡಿ. ತಟ್ಟನೆ ಜೇಬು ಮುಟ್ಟಿ ನೋಡಿಕೊಂಡೆ. ಅರ್ಜಿ ಇನ್ನೂ ಅಲ್ಲೇ ಇತ್ತು, ಗದ್ದೆಯೂ ನಮ್ಮದೇ. ಎಷ್ಟು ನಿರಾಳವಾಯಿತೆಂದರೆ ಹೊಟ್ಟೆ ತೊಳಸುವುದೇ ಮರೆತುಹೋಯಿತು.

ಮಳವಳ್ಳಿಯ ಸರ್ಕಾರಿ ಕಚೇರಿಯಲ್ಲಿ ಸಾಹೇಬರ ಮುಂದೆ ನಿಂತು, "ಒಂದು ವರ್ಷ ಕಳೆಯಲಿ ಸ್ವಾಮಿ, ಜನ ಹೆಚ್ಚಿದರೆ ನೋಡೋಣ" ಎಂದೆ.

ಅವರು ನಕ್ಕುಬಿಟ್ಟರು. "ಏನ್ರೀ ನೀವು, ಈಗತಾನೆ ನಿಮ್ಮೂರಿನ ಮೇಲೆ ಕಾರಿನಲ್ಲಿ ಬಂದೆ. ಕಣ್ಣಾರೆ ನೋಡಿದ್ದೇನೆ. ಒಂದೇ ಕಿಟಕಿಗೆ ಹನ್ನೊಂದು ಜನ ಜೋತುಬಿದ್ದಿದ್ದರು."

ನಾನು ತಲೆ ತಗ್ಗಿಸಿದೆ. ಆ ಕಿಟಕಿ ನನ್ನದು. ಯಜಮಾನರು ಮೊದಲ ಸಲ ಬಸ್ಸು ಹತ್ತುತ್ತಾರೆಂದು ಮನೆಮಂದಿಯೆಲ್ಲ ಕಳಿಸಲು ಬಂದಿದ್ದರು. ಹನ್ನೊಂದು ಜನ ಸೇರಿ ಕಳಿಸಿದ್ದು ನನ್ನೊಬ್ಬನನ್ನು, ಅದೂ ಟಿಕೆಟ್ಟಿಲ್ಲದೆ.