ಗದ್ದುಗೆ ಬಿಟ್ಟೇಳದ ಮೊಣಕಾಲು

"ಈ ಮೊಣಕಾಲು ನೋವನ್ನ ಮೂರು ದಿನದಾಗ ಕೃಷ್ಣಾ ನದಿ ದಾಟಿಸಿ ಓಡಿಸಲಿಲ್ಲಂದ್ರ ನಾನು ಕುರುಮಯ್ಯನ ಅಲ್ಲ!"

ಫಸಲಿ ೧೩೪೬ರ ಒಂದು ಗುರುವಾರ ಗುಂಡುಮಾಲ್‌ನ ನಮ್ಮ ಅಂಗಳದಲ್ಲಿ ನಿಂತು ಹೀಗೆ ಘೋಷಿಸಿದೆ. ನಿಜಾಮರ ಫರ್ಮಾನಿಗೂ ಅಷ್ಟು ಗತ್ತು ಇರಲಿಲ್ಲ!

ಅವಸರಕ್ಕೆ ಕಾರಣವಿತ್ತು. ಭಾನುವಾರ ಬೀರಪ್ಪನ ಪೂಜೆ. ಮನೆತನದ ಹಿರಿಯನಾದವನು ಕರಿಕಂಬಳಿಯ ಗದ್ದುಗೆಯ ಮೇಲೆ ಮೊಣಕಾಲು ಮಡಚಿ, ಪೂಜೆ ಮುಗಿಯುವ ತನಕ ಅಲುಗಾಡದೆ ಕೂರಬೇಕು. ಆಗದಿದ್ದರೆ ಆ ಜಾಗ ತಮ್ಮನಿಗೆ. ನನ್ನ ತಮ್ಮ ಕಿಷ್ಟಪ್ಪ ಒಂದು ತಿಂಗಳಿಂದ ದಿನಾ ಬಂದು ನನ್ನ ಮೊಣಕಾಲಿನ ಯೋಗಕ್ಷೇಮ ವಿಚಾರಿಸುತ್ತಿದ್ದ!

ನಾರಾಯಣಪೇಟೆಯ ಹಕೀಮರು ಮೊದಲೇ ಹೇಳಿದ್ದರು: "ಇದು ಗಠಿಯಾ. ಕೀಲು ಸವದೈತಿ. ಶಾಖ ಕೊಡ್ರಿ, ಮೆಲ್ಲಗ ಮಡಚಿ ಚಾಚ್ರಿ, ಅಡ್ಡಾಡ್ರಿ. ಒಂದ ಕಡಿ ಕುಂದರಬ್ಯಾಡ್ರಿ." ಇಷ್ಟರಲ್ಲಿ ನನಗೆ ಹಿಡಿಸಿದ್ದು ಶಾಖ ಒಂದೇ.

ಮೂರರಲ್ಲಿ ಎರಡು ದಿನ ಘೋಷಣೆಯಲ್ಲೇ ಕಳೆದವು. ಭಾನುವಾರ ಬೆಳಿಗ್ಗೆ ಹೆಂಡತಿ ತುಳಸಮ್ಮ, "ಲಕ್ಕಿ ಸೊಪ್ಪು ಅರದು ಔಡಲೆಣ್ಣ್ಯಾಗ ಕಾಸೀನಿ. ಗಡಿಗ್ಯಾಗ ಐತಿ, ತೆಳ್ಳಗ ಹಚ್ಕೊಳ್ರಿ" ಎಂದು ಕುರಿಹಟ್ಟಿಗೆ ಹೋದಳು.

ಒಲೆಯ ಹತ್ತಿರ ನೋಡಿದರೆ ಎರಡು ಗಡಿಗೆ! ಒಂದು ಚಿಕ್ಕದು, ಒಂದು ದೊಡ್ಡದು. ನನ್ನಂಥವನ ನೋವಿಗೆ ಚಿಕ್ಕ ಗಡಿಗೆ ಯಾವ ಮೂಲೆಗೆ? ದೊಡ್ಡದನ್ನೇ ಎತ್ತಿದೆ. ಒಳಗಿನದು ಬಿಸಿಬಿಸಿ, ಅಂಟಂಟು! ಅಂಟಿದಷ್ಟೂ ಗುಣ ಜಾಸ್ತಿ ಎಂದು ಪೂರಾ ಬಳಿದುಕೊಂಡೆ. ಮೇಲೆ ಉಣ್ಣೆ ಸುತ್ತಿದೆ. ಗದ್ದುಗೆಯ ಅಭ್ಯಾಸವೂ ಆಗಲೆಂದು ಹಲ್ಲು ಕಚ್ಚಿ ಮೊಣಕಾಲು ಮಡಚಿ, ಬಿಸಿಲಿನಲ್ಲಿ ಕಂಬಳಿ ಹಾಸಿ ಕೂತೆ. ಆಹಾ, ಏನು ಶಾಖ! ನೋವು ಬೆಣ್ಣೆಯಂತೆ ಕರಗಿತು. ಕೂತಲ್ಲೇ ನಿದ್ದೆ.

ಎಚ್ಚರಾದಾಗ ಕಾಲು, ಉಣ್ಣೆ, ಕಂಬಳಿ ಮೂರೂ ಸೇರಿ ಒಂದೇ ಬಂಡೆ!

"ಅಯ್ಯೋ ಬೀರಪ್ಪಾ!" ತಿರುಗಿ ಬಂದ ತುಳಸಮ್ಮ ಎದೆ ಬಡಿದುಕೊಂಡಳು. "ಅದು ಕಂಬಳಿ ನೂಲಿಗೆ ಹಚ್ಚೋ ಹುಣಸಿ ಬೀಜದ ಗಂಜಿರೀ! ನೂಲು ಕಟಗಿ ಹಂಗ ಬಿರುಸಾಗಲಿ ಅಂತ ಕುದಿಸಿದ್ದೆ!"

"ಆಗೈತಿ ಬಿಡು. ಬಿಸಿನೀರು ತಾ!"

ಅಷ್ಟರಲ್ಲಿ ಪೂಜೆಗೆ ಕರೆಯಲು ನಾಲ್ವರನ್ನು ಕಟ್ಟಿಕೊಂಡು ಬಾಗಿಲಲ್ಲಿ ಕಿಷ್ಟಪ್ಪ. "ಅಣ್ಣಾ, ಮೊಣಕಾಲು ಮಡಚಾಕ ಆಗದಿದ್ರ ಹೇಳು, ನಾ ಕುಂದರ್ತೀನಿ."

"ಮಡಚಾಕ? ಮಡಚೇ ತಯಾರ ಅದೀನಿ, ನೋಡಲೇ! ಎತ್ರಿ ಕಂಬಳಿ!"

ಆ ನಾಲ್ವರು ನಾಲ್ಕು ಮೂಲೆ ಹಿಡಿದು ನನ್ನನ್ನು ಗದ್ದುಗೆಗೆ ಹೊತ್ತೊಯ್ದರು. ಪೂಜೆ ನಡೆಯಿತು, ನಡೆಯಿತು, ಸಂಜೆಯ ತನಕ ನಡೆಯಿತು. ಕಿಷ್ಟಪ್ಪ ಏಳು ಸಲ ಕಾಲು ಬದಲಿಸಿದ. ನಾನು? ಎಳ್ಳಷ್ಟೂ ಅಲುಗಲಿಲ್ಲ! ಊರಿಗೇ ಹಿರಿಯಳಾದ ಪೆಂಟಮ್ಮ ಬೆರಗಾಗಿ ಕೈಮುಗಿದಳು: "ಎಂಥಾ ನಿಷ್ಠಿ! ಕಲ್ಲಿನ ಬಸವಣ್ಣನೂ ಇಷ್ಟು ಗಟ್ಟಿ ಕುಂತಿಲ್ಲ!"

ಪೂಜೆ ಮುಗಿಯಿತು. "ಏಳಣ್ಣಾ, ಊಟಕ್ಕ" ಎಂದ ಕಿಷ್ಟಪ್ಪ.

"ಬೀರಪ್ಪನ ಅಪ್ಪಣಿ ಆಗಿಲ್ಲ" ಎಂದೆ ಗಂಭೀರವಾಗಿ.

ಜನ ಇನ್ನೊಮ್ಮೆ ಬೆರಗಾದರು. ಆದರೆ ನಮ್ಮದೇ ಹಟ್ಟಿಯ ಕುರಿಯೊಂದು ಬಂದು ನನ್ನ ಮೊಣಕಾಲನ್ನು ಆಸೆಯಿಂದ ನೆಕ್ಕಬೇಕೇ! ಹಿಂದೆಯೇ ಇನ್ನೈದು ಕುರಿ! ಕಿಷ್ಟಪ್ಪ ಮುಟ್ಟಿದ, ಮೂಸಿದ. "ಅಣ್ಣಾ... ಇದು ಗಂಜಿ!"

ಆ ನಗೆ ಮಕ್ತಲ್ ದಾಟಿ ಗದ್ವಾಲ್‌ಗೂ ಕೇಳಿಸಿರಬೇಕು. "ಹಂಗಾರ ಗದ್ದಿಗಿ ನಂದು" ಎಂದ ಕಿಷ್ಟಪ್ಪ. ಪೆಂಟಮ್ಮ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟಳು: "ಹೆಂಗ ಕೊಡೋದೋ? ಮೊದಲ ಇಂವ ಬಿಟ್ಟೇಳಲಿ!"

ಕೊನೆಗೆ ತುಳಸಮ್ಮ ಕುಕ್ಕರಗಾಲಲ್ಲಿ ಕೂತು, ಬಿಸಿನೀರು ಹೊಯ್ದು, ಗಂಜಿಯನ್ನು ಬೆರಳಲ್ಲೇ ಬಿಡಿಸಿದಳು. ಆಗ ನೋಡಿದೆ: ಅವಳ ಬೆರಳಿನ ಗೆಣ್ಣುಗಳೆಲ್ಲ ಹುಣಸೆ ಬೀಜದಂತೆ ಊದಿದ್ದವು. ಕಂಬಳಿಗಳ ಅಷ್ಟೂ ನೂಲು ತೆಗೆದದ್ದು ಆ ಬೆರಳುಗಳೇ!

"ಏ ತುಳಸಿ, ನಿನಗೂ ಗಠಿಯಾ ಐತೇನ?"

"ಹತ್ತು ವರ್ಷ ಆತು. ಮುಂಜಾನಿ ಬಿಸಿನೀರಾಗ ಕೈ ಇಡ್ತೀನಿ, ಮಡಚಿ ಬಿಡಿಸ್ತೀನಿ, ಕೆಲಸ ಹಿಡೀತೀನಿ."

"ಮತ್ತ ಒಂದಿನಾನೂ ಹೇಳಲಿಲ್ಲಲ್ಲ?"

ಅವಳು ಸರಕ್ಕನೆ ಎದ್ದು ಖಾಲಿ ಕೊಡ ಸೊಂಟಕ್ಕೇರಿಸಿದಳು. "ನಿಮ್ಮ ಮೊಣಕಾಲಿನ ಮಾತು ಮುಗೀಲಿ ಅಂತ ಕಾಯಾಕತ್ತಿದ್ದೆ."